ತೊಗರಿ ಹೊಲದ ಜೀವಶಾಸ್ತ್ರಕ್ಕೆ ಶಾಲೆಯಲ್ಲಿ ಜಾಗ ಬೇಕು

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ರಾಜ್ಯದ ಫಲಿತಾಂಶ ಶೇ 66.14. ಕಲಬುರಗಿ ಜಿಲ್ಲೆಯದು ಶೇ 42.43, ಪಟ್ಟಿಯಲ್ಲಿ ಕೊನೆಯ ಸ್ಥಾನ. ಇಂಥ ಫಲಿತಾಂಶ ಬಂದ ಮೇಲೆ ಏನಾಗುತ್ತದೆ ಎಂಬುದು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ತಾಲ್ಲೂಕುಗಳ ಶಿಕ್ಷಕರಿಗೆಲ್ಲ ಗೊತ್ತು. ಸಾಲು ಸಾಲು ಸಭೆ ನಡೆಯುತ್ತವೆ, ಬೆಳಿಗ್ಗೆ ಸಂಜೆ ವಿಶೇಷ ತರಗತಿ ಶುರುವಾಗುತ್ತವೆ, ಕಡೆಗೆ ಎಲ್ಲವೂ ‘ಪಾಸಿಂಗ್ ಪ್ಯಾಕೇಜ್’ಗೆ ಬಂದು ನಿಲ್ಲುತ್ತದೆ. ಆ ಪ್ಯಾಕೇಜಿನಲ್ಲಿ ಜೀವಶಾಸ್ತ್ರದ ಪಾಲೆಂದರೆ ಮುಖ್ಯವಾಗಿ ಒಂದಿಷ್ಟು ಚಿತ್ರಗಳು: ಹೃದಯದ ನೀಳಛೇದ, ಮೆದುಳಿನ ನೀಳಛೇದ, ಹೂವಿನ ನೀಳಛೇದ, ನೆಫ್ರಾನ್. ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕ ಬರುತ್ತದೆ. ಮಕ್ಕಳು ಅವನ್ನೇ ಮತ್ತೆ ಮತ್ತೆ ತಿದ್ದುತ್ತಾರೆ.

ಶಿಕ್ಷಕರನ್ನು ದೂರುವುದು ಸುಲಭ, ಅದು ನ್ಯಾಯವಲ್ಲ. ನೋಟಿಸು ಅವರ ಕೈಗೇ ಬರುತ್ತದೆ. ಮೊದಲು ಮಗು ದಡ ಸೇರಲಿ ಎಂದು ಅವರು ಯೋಚಿಸುವುದು ಸಹಜ. ಆದರೆ ಫಲಿತಾಂಶ ಕಡಿಮೆ ಎಂದು ಪಾಠವನ್ನು ಕುಗ್ಗಿಸುತ್ತ ಹೋದಷ್ಟೂ ಜೀವಶಾಸ್ತ್ರ ಈ ಮಕ್ಕಳಿಗೆ ಕಬ್ಬಿಣದ ಕಡಲೆಯಾಗುತ್ತಿದೆ. ಪುಸ್ತಕ ಕೇಳುವುದು ಬರೀ ಬಾಯಿಪಾಠವನ್ನಲ್ಲ. ಒಂಬತ್ತನೇ ತರಗತಿಯ ಜೀವಕೋಶ, ಅಂಗಾಂಶಗಳಿಂದ ಹತ್ತನೇ ತರಗತಿಯ ಜೀವಕ್ರಿಯೆಗಳು, ಅನುವಂಶೀಯತೆ, ನಮ್ಮ ಪರಿಸರದವರೆಗೆ ಪುಟಪುಟಕ್ಕೂ ಚಟುವಟಿಕೆಗಳಿವೆ. ಮಾಡಿ ನೋಡಬೇಕು, ಹೋಲಿಸಬೇಕು, ಯಾಕೆ ಹೀಗಾಯಿತೆಂದು ಹೇಳಬೇಕು. ನಮ್ಮ ತರಗತಿಗಳಲ್ಲಿ ಆ ಚಟುವಟಿಕೆಗಳನ್ನು ಓದಿಸಲಾಗುತ್ತದೆ, ಮಾಡಿಸುವುದು ಅಪರೂಪ.

ತೊಗರಿಯನ್ನೇ ನೋಡಿ. 2022ರ ಹಂಗಾಮಿನಲ್ಲಿ ನೆಟೆ ರೋಗ ಜಿಲ್ಲೆಯ ತೊಗರಿಯನ್ನು ಹಿಂಡಿ ಹಾಕಿತು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಹಾಗೆ ಒಣಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ನೀರು ಮೇಲಕ್ಕೇರುವ ಕ್ಸೈಲಂ ಇರುವುದು ಅಲ್ಲೇ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ಆ ದಾರಿಯನ್ನು ಮುಚ್ಚಿಬಿಟ್ಟಿರುತ್ತದೆ. ಹೀಗಾಗಿ ಕಪ್ಪು ನೆಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಸಿಗುವುದಿಲ್ಲ. ಒಂಬತ್ತನೇ ತರಗತಿಯ ಅಂಗಾಂಶ, ಹತ್ತನೇ ತರಗತಿಯ ಸಾಗಾಣಿಕೆ ಎರಡೂ ಆ ಒಂದು ಕಾಂಡದಲ್ಲಿವೆ. ‘ನೆಲದಲ್ಲಿ ತೇವವಿದ್ದರೂ ತೊಗರಿ ಯಾಕೆ ಒಣಗಿತು?’ ಎಂದು ಪ್ರಶ್ನೆಪತ್ರಿಕೆ ಕೇಳಿದರೆ ಚಿತ್ತಾಪುರದ ರೈತನ ಮಗಳು ತಾನು ಕಂಡದ್ದನ್ನು ಬರೆದಾಳು. ಈಗ ಅವಳಿಂದ ನಾವು ಕೇಳುತ್ತಿರುವುದು ಕ್ಸೈಲಂ, ಫ್ಲೋಯಂಗಳಿಗಿರುವ ಎರಡು ವ್ಯತ್ಯಾಸ ಮಾತ್ರ.

ಅದೇ ಹೊಲದಲ್ಲಿ ರೋಗ ತಡೆದು ನಿಲ್ಲುವ ತಳಿಗಳೂ ಇವೆ. ಮಾರುತಿ, ಟಿಎಸ್–3ಆರ್ ಹೆಸರು ಇಲ್ಲಿನ ರೈತರಿಗೆ ಹೊಸದಲ್ಲ. ಒಂದು ಸಾಯುತ್ತದೆ, ಒಂದು ಉಳಿಯುತ್ತದೆ ಎಂದರೆ ಅನುವಂಶೀಯತೆಯ ಪಾಠ ಶುರುವಾಯಿತೆಂದೇ ಅರ್ಥ. ಮೆಂಡಲ್ ಆರಿಸಿಕೊಂಡ ಬಟಾಣಿಯೂ ತೊಗರಿಯೂ ಒಂದೇ ಕುಟುಂಬದವು. ಆದರೆ ಬಟಾಣಿ ಬಹುತೇಕ ಸ್ವಕೀಯ ಪರಾಗಸ್ಪರ್ಶದ್ದು. ತೊಗರಿ ಹೂವಿಗೆ ಜೇನು ಬರುತ್ತದೆ, ಅಕ್ಕಪಕ್ಕದ ಹೊಲದ ಪರಾಗವೂ ಸೇರುತ್ತದೆ. ಮನೆಯಲ್ಲಿ ತೆಗೆದಿಟ್ಟ ಬೀಜ ವರ್ಷದಿಂದ ವರ್ಷಕ್ಕೆ ಬೆರಕೆಯಾಗುವುದು ಇದರಿಂದಲೇ. ತೊಗರಿಯ ಜೀನೋಮ್ ಕರಡನ್ನು 2011ರಲ್ಲಿ ಹೊರತಂದದ್ದು ಇಕ್ರಿಸ್ಯಾಟ್ ನೇತೃತ್ವದ ತಂಡ. ಆ ಸಂಸ್ಥೆ ಇರುವುದು ಪಟಾನ್‌ಚೆರುವಿನಲ್ಲಿ, ಚಿಂಚೋಳಿಯ ಗಡಿ ದಾಟಿ ಹೈದರಾಬಾದಿಗೆ ಹೋಗುವ ದಿಕ್ಕಿನಲ್ಲಿ. ನಮ್ಮ ಮಕ್ಕಳಿಗೆ ಮೆಂಡಲ್ ಗೊತ್ತು, ಇದು ಗೊತ್ತಿಲ್ಲ.

ಖರ್ಚಿಲ್ಲದ ಪ್ರಯೋಗವೊಂದಿದೆ. ಆಗಸ್ಟ್ ತಿಂಗಳಲ್ಲಿ ಎಳೆಯ ತೊಗರಿ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಹುಷಾರಾಗಿ ಎತ್ತಿ, ಬೇರನ್ನು ನೀರಿನಲ್ಲಿ ತೊಳೆಯಬೇಕು. ಬೇರಿಗೆ ಅಂಟಿದ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಬ್ಲೇಡಿನಿಂದ ಕತ್ತರಿಸಿದರೆ ಒಳಗೆ ನಸುಗೆಂಪು. ಗಂಟು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಕೆಲಸದಲ್ಲಿದೆ ಎಂಬುದಕ್ಕೆ ಆ ಬಣ್ಣವೇ ಗುರುತು. ಬೆಳ್ಳಗಿದ್ದರೆ, ಹಸಿರಾಗಿದ್ದರೆ ಕೆಲಸ ಶುರುವಾಗಿಲ್ಲ ಅಥವಾ ಮುಗಿದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿ ಅದು, ಕಬ್ಬಿಣವೂ ಇದೆ. ಇಲ್ಲಿಂದ ಒಂದೇ ಹೆಜ್ಜೆಗೆ ರಕ್ತಹೀನತೆಯ ಪಾಠಕ್ಕೆ ಬರಬಹುದು. ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿವೆ ಎಂದೇ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಮೊಟ್ಟೆ ಕೊಡಲು ಆರಂಭಿಸಲಾಯಿತು. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನುಂಗುವ ಹುಡುಗಿಗೆ ಅದು ಮೈಯಲ್ಲಿ ಏನು ಮಾಡುತ್ತದೆ, ಊಟವಾದ ಕೂಡಲೇ ಚಹಾ ಯಾಕೆ ಕುಡಿಯಬಾರದು ಎಂದು ಜೀವಶಾಸ್ತ್ರದ ತರಗತಿ ಹೇಳದಿದ್ದರೆ ಇನ್ಯಾರು ಹೇಳಬೇಕು?

ವಾಡಿ, ಶಹಾಬಾದ್, ಸೇಡಂ, ಮಳಖೇಡದ ಸುತ್ತ ಪಾಠ ಬೇರೆ ರೂಪದಲ್ಲಿದೆ. ಸಿಮೆಂಟು, ಪರಸಿ ಗಣಿ, ಕಲ್ಲು ಕೊಯ್ಯುವ ಯಂತ್ರ, ಲಾರಿಗಳ ರಸ್ತೆ. ರಸ್ತೆ ಬದಿಯ ಬೇವಿನ ಎಲೆಯ ಮೇಲೆ ಪಾರದರ್ಶಕ ಟೇಪು ಒತ್ತಿ ತೆಗೆದು ಬಿಳಿ ಹಾಳೆಗೆ ಅಂಟಿಸಿದರೆ ಎಷ್ಟು ಧೂಳು ಕುಳಿತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಊರ ಒಳಗಿನ ಮರದ ಎಲೆಯ ಜೊತೆ ಹೋಲಿಸಬಹುದು. ಎಲೆಯ ಅಡಿಗೆ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಪೊರೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಪತ್ರರಂಧ್ರಗಳ ಅಚ್ಚು ಸಿಗುತ್ತದೆ. ಬಿಸಿಲು, ಗಾಳಿ ಎಲೆಗೆ ತಲುಪದಿದ್ದರೆ ಆಹಾರ ತಯಾರಿಕೆ ಏನಾಗುತ್ತದೆ, ಅದೇ ಧೂಳು ಅಪ್ಪನ ಶ್ವಾಸಕೋಶಕ್ಕೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಆಮೇಲೆ ಮಕ್ಕಳಿಂದಲೇ ಹುಟ್ಟುತ್ತವೆ. ಚಿಂಚೋಳಿಗಂತೂ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮವೇ ಇದೆ. ತೋಳ, ಕತ್ತೆಕಿರುಬ ಇರುವ ಒಣನಾಡಿನ ಕಾಡು. ಅಲ್ಲಿನ ತಾಂಡಾದ ಮಕ್ಕಳು ಆಹಾರ ಸರಪಳಿಗೆ ಹುಲಿ–ಜಿಂಕೆಯ ಚಿತ್ರವನ್ನೇ ನಕಲು ಮಾಡಬೇಕಾಗಿಲ್ಲ.

2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಜೀವ ವಿಕಾಸದ ಭಾಗ ತೆಗೆಯಿತು. ಅದನ್ನು ವಿರೋಧಿಸಿ ಮರುವರ್ಷ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ‘ಔಷಧ ಹೊಡೆದರೂ ಕೀಡಿ ಸಾಯವಲ್ದು’ ಎಂದು ನಮ್ಮ ರೈತರು ಹೇಳುತ್ತಾರಲ್ಲ, ವಿಕಾಸವೆಂದರೆ ಅದೂ ಹೌದು. ಔಷಧಕ್ಕೆ ಬಗ್ಗದ ಹುಳುಗಳು ಉಳಿದು ಮರಿ ಮಾಡುತ್ತವೆ, ಮುಂದಿನ ಪೀಳಿಗೆಯಲ್ಲಿ ಅಂಥವೇ ಹೆಚ್ಚುತ್ತವೆ. ಕಾಯಿಕೊರಕದ ಕಾಟ ಉಣ್ಣುವ ನಾಡಿನ ಮಕ್ಕಳಿಗೆ ಈ ಪಾಠ ಬೇಡವೆನ್ನುವುದು ದೊಡ್ಡ ಅನ್ಯಾಯ.

ಅಡ್ಡಿಗಳಿಲ್ಲವೆಂದಲ್ಲ. ಸಿಬಿಝಡ್ ಶಿಕ್ಷಕರೊಬ್ಬರೇ ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಹೊರಬೇಕು. ಹುದ್ದೆ ಖಾಲಿ ಇದ್ದಲ್ಲಿ ಅತಿಥಿ ಶಿಕ್ಷಕರಿಗಾಗಿ ಕಾಯಬೇಕು. ರಾಶಿಯ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಗುಳೆ ಹೋಗುವ ಕುಟುಂಬಗಳ ಮಕ್ಕಳು ಊರಲ್ಲೇ ಇರುವುದಿಲ್ಲ. ಹುದ್ದೆ ತುಂಬುವುದು, ಪ್ರಯೋಗಾಲಯ ಕಟ್ಟುವುದು ಸರ್ಕಾರದ ಕೆಲಸ; ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಕೊಠಡಿಗಳ ಜೊತೆಗೆ ಸೂಕ್ಷ್ಮದರ್ಶಕಗಳಿಗೂ ಹೋಗಬೇಕು.

ಒಂದು ಕೆಲಸಕ್ಕೆ ಮಾತ್ರ ಯಾರನ್ನೂ ಕಾಯಬೇಕಾಗಿಲ್ಲ. ವಿಜ್ಞಾನದ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನದ್ದು, ಅದು ಶಾಲೆಯ ಕೈಯಲ್ಲೇ ಇದೆ. ಯಾವುದೋ ಪುಸ್ತಕದಿಂದ ನಕಲು ಮಾಡಿದ ಪ್ರಾಜೆಕ್ಟಿಗೆ ಕಣ್ಣುಮುಚ್ಚಿ ಕೊಡುವ ಆ ಅಂಕಗಳನ್ನು ಮಗು ಸ್ವತಃ ನೋಡಿ ಬರೆದ ದಾಖಲೆಗೆ ಕೊಡಲಿ: ಹತ್ತು ತೊಗರಿ ಗಿಡಗಳ ಬೇರುಗಂಟಿನ ಲೆಕ್ಕ, ಎರಡು ಮರಗಳ ಎಲೆಯ ಧೂಳು, ಒಂದು ವಾರ ಮನೆಯಲ್ಲಿ ಉಂಡ ಆಹಾರ. ಶಾಲಾ ಅಭಿವೃದ್ಧಿ ಸಮಿತಿಯ ಸಭೆಗೆ ಹೋಗುವ ತಂದೆತಾಯಿಯರಲ್ಲೂ ಒಂದು ವಿನಂತಿ. ಫಲಿತಾಂಶ ಎಷ್ಟು ಬಂತೆಂದು ಕೇಳಿದ ಮೇಲೆ, ಶಾಲೆಯ ಸೂಕ್ಷ್ಮದರ್ಶಕ ಎಲ್ಲಿದೆ, ಈ ವರ್ಷ ನಮ್ಮ ಮಗು ಅದರಲ್ಲಿ ಏನು ನೋಡಿತು ಎಂದೂ ಕೇಳಿ.