ವೈರ್ ಬೇಡ ಅನ್ನೋರಿಗೆ ಮೊದಲು ಪ್ಲಗ್ ಎಲ್ಲಿದೆ? (ಭಾಗ 3)

ವೈರ್‌ಲೆಸ್ ಚಾರ್ಜಿಂಗ್ ರೀಲ್ ನೋಡಿ "ನಮ್ ರೋಡಿಗೂ ಬರ್ಲಿ ಗುರು" ಅಂತಿರೋರೆಲ್ಲ ಸ್ವಲ್ಪ ಕೇಳ್ರಪ್ಪ.

ನೆಲದೊಳಗೆ ಒಂದು ತಾಮ್ರದ ಸುರುಳಿ, ಗಾಡಿಯ ತಳದಲ್ಲಿ ಇನ್ನೊಂದು. ಕಾಂತಕ್ಷೇತ್ರದ ಮೂಲಕ ಕರೆಂಟ್ ದಾಟುತ್ತೆ. ಫ್ಯಾರಡೆ 1831ರಲ್ಲೇ ತೋರಿಸಿದ ತತ್ವ ಇದು. ಎರಡೂ ಸರಿಯಾಗಿ ಎದುರುಬದುರು ಬರದಿದ್ರೆ ಕರೆಂಟ್ ಪೋಲು.

ಅಮೆರಿಕದ ಡೆಟ್ರಾಯ್ಟ್‌ನಲ್ಲಿ 2023ರಲ್ಲಿ ಇಂಥ ರಸ್ತೆ ಮಾಡಿದ್ರು. ಉದ್ದ ಸುಮಾರು 400 ಮೀಟರ್! ಅಲ್ಲೂ ರಿಸೀವರ್ ಹಾಕಿಸಿದ ಗಾಡಿಗೆ ಮಾತ್ರ ಚಾರ್ಜು.

ಈಗ ಭೇರ್ಯಕ್ಕೆ ಬನ್ನಿ. ನಮ್ಮ ಕಡೆ ಓಡೋದು ಸ್ಕೂಟರ್. ಬ್ಯಾಟರಿ ತುಂಬೋಕೆ ಮೂರ್ನಾಲ್ಕು ಯೂನಿಟ್, ಒಂದು ಸಾಕೆಟ್ ಸಾಕು. ಬಸ್ ಸ್ಟ್ಯಾಂಡ್, ಹಾಲಿನ ಡೈರಿ, ಕಾಲೇಜು ಇಲ್ಲೆಲ್ಲ ಅರ್ಥಿಂಗ್ ಸರಿಯಿರೋ, ಮೀಟರ್ ಇರೋ ಪಾಯಿಂಟ್ ಹಾಕಿದ್ರೆ ನೂರಾರು ಜನಕ್ಕೆ ಉಪಯೋಗ. ನೀರಿನ ಪೈಪಿಗೆ ಅಂತ ಪದೇಪದೇ ಅಗೆಯೋ ರಸ್ತೆಯೊಳಗೆ ಸುರುಳಿ ಹೂಳಿದ್ರೆ ಯಾರಿಗೆ ಲಾಭ?

ಟೆಕ್ನಾಲಜಿ ವಿರೋಧಿ ಅನ್ಬೇಡಿ. ಸಿಟಿ ಬಸ್ ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತೆ, ಅಲ್ಲಿ ಲೆಕ್ಕ ಕೂಡಬಹುದು. ಆದ್ರೆ ಒಂದು ಕಡೆ ಸುರಿದ ದುಡ್ಡು ಇನ್ನೊಂದು ಕಡೆಗೆ ಸಿಗಲ್ಲ. ಬಿಕಾಂನೋರೇ, ಆಪರ್ಚುನಿಟಿ ಕಾಸ್ಟ್ ಬರೀ ಎಕ್ಸಾಮಿಗಾ?

ಮುಂದಿನ ಗ್ರಾಮಸಭೆಗೆ ಹೋಗಿ ಸಾಕೆಟ್ ಕೇಳೋಣ. ಬರ್ತೀರಾ?