ಯಾವ ಬಾಟಲಿ ಎಂಬುದಕ್ಕೆ ಮೊದಲು

ನಿಶ್ಶಕ್ತಿ ಎಂದೊಡನೆ ‘ಒಂದು ಬಾಟಲಿ ಗ್ಲೂಕೋಸ್ ಏರಿಸಿ’ ಎಂದು ವೈದ್ಯರನ್ನು ಬೇಡುವ ವಾಡಿಕೆ ನಮ್ಮಲ್ಲಿ ಹಳೆಯದು. ಶೇಕಡಾ 5ರ ಅರ್ಧ ಲೀಟರ್ ದ್ರಾವಣದಲ್ಲಿರುವುದು 25 ಗ್ರಾಂ ಸಕ್ಕರೆ. ಒಂದೆರಡು ಲೋಟ ಪಾನಕದಲ್ಲೇ ಅಷ್ಟು ದೊರೆತೀತು. ಇಂದು ನಗರದ ಚಿಕಿತ್ಸಾಲಯಗಳು ಪಟ್ಟಿಯನ್ನೇ ಮುಂದಿಡುತ್ತವೆ: ದಣಿವಿಗೆ ಮೈಯರ್ಸ್ ಮಿಶ್ರಣ, ಮೈಬಿಳುಪಿಗೆ ಗ್ಲುಟಾಥಯೋನ್, ರೋಗನಿರೋಧಕ ಶಕ್ತಿಗೆ ವಿಟಮಿನ್ ಸಿ. ಉಂಡು ಜೀರ್ಣಿಸಿಕೊಳ್ಳಬಲ್ಲ ಆರೋಗ್ಯವಂತರಿಗೆ ಇವುಗಳಲ್ಲಿ ಒಂದೂ ಅಗತ್ಯವೆಂದು ನಮಗೆ ತೋರುವುದಿಲ್ಲ. ಹಣ ಹೋದರೆ ಹೋಗಲಿ. ಆದರೆ ಅಧಿಕ ಪ್ರಮಾಣದ ವಿಟಮಿನ್ ಸಿ ನೇರವಾಗಿ ರಕ್ತ ಸೇರಿದಾಗ, ಜಿ6ಪಿಡಿ ಕಿಣ್ವದ ಕೊರತೆಯುಳ್ಳವರ ಕೆಂಪು ರಕ್ತಕಣಗಳು ಒಡೆಯಬಲ್ಲವು, ಮೂತ್ರಪಿಂಡಗಳಿಗೂ ಧಕ್ಕೆಯಾಗಬಲ್ಲದು. ಬಿಳುಪಿಗಾಗಿ ಗ್ಲುಟಾಥಯೋನ್ ಚುಚ್ಚಿಸಿಕೊಳ್ಳುವುದು ಸುರಕ್ಷಿತವಲ್ಲವೆಂದು ಫಿಲಿಪ್ಪೀನ್ಸಿನ ಔಷಧ ನಿಯಂತ್ರಕರು 2019ರಲ್ಲಿ ಎಚ್ಚರಿಸಿದ್ದಾರೆ. ರಕ್ತಪರೀಕ್ಷೆಯ ಮಾತೆತ್ತದೆ ದರಪಟ್ಟಿ ನೀಡುವವರ ಮುಂದೆ ತೋಳು ಚಾಚಬೇಡಿರೆಂದು ವಾಚಕರಲ್ಲಿ ನಮ್ಮ ವಿನಂತಿ.