ಒಂದು ಮಗು, ಎರಡು ತೀರ್ಪು

ಮಾಲೂರಿನ ನಿಲ್ದಾಣದಲ್ಲಿ ಬೆಳಗಿನ ರೈಲಿಗಾಗಿ ಕಾದು ನಿಲ್ಲುವ ಗೃಹಸ್ಥರಲ್ಲಿ ಅನೇಕರು ಮಕ್ಕಳು ಏಳುವ ಮುನ್ನವೇ ಮನೆ ಬಿಟ್ಟು ಬಂದವರು. ಬೆಂಗಳೂರಿನ ಕಚೇರಿ, ಕಾರ್ಖಾನೆಗಳ ಕೆಲಸ ಮುಗಿಸಿ ಅವರು ಮರಳುವ ಹೊತ್ತಿಗೆ ಮಕ್ಕಳ ಊಟ ಮುಗಿದಿರುತ್ತದೆ. ಎಷ್ಟೋ ವೇಳೆ ನಿದ್ರೆಯೂ ಬಂದಿರುತ್ತದೆ. ಇಂತಹ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಹಾದಿ ತಪ್ಪುತ್ತಿರುವನೆಂದು ಊಹಿಸಿಕೊಳ್ಳಬಹುದು. ಶಾಲೆಗೆಂದು ಹೊರಟವನು ಕೆರೆಯ ಏರಿಯ ಮೇಲೆ ಕಾಲ ಕಳೆಯುತ್ತಾನೆ, ತಂಗಿಯನ್ನು ಹೊಡೆಯುತ್ತಾನೆ, ಸಾಸಿವೆ ಡಬ್ಬಿಯಲ್ಲಿಟ್ಟ ಹಣ ಕಾಣೆಯಾಗುತ್ತದೆ. ತಾಯಿಗೆ ಇದೆಲ್ಲವೂ ದಿನದಿನವೂ ತಿಳಿಯುತ್ತದೆ. ತಂದೆಗೆ ತಿಳಿಯುವುದು ಭಾನುವಾರ, ಎಲ್ಲವೂ ಒಟ್ಟಿಗೆ.

"ನಿನ್ನ ಮುದ್ದೇ ಇವನನ್ನು ಕೆಡಿಸಿತು" ಎಂದು ಅವರು. "ನೀವು ಮನೆಯಲ್ಲಿದ್ದರಲ್ಲವೇ ಮಗುವಿನ ಕಷ್ಟ ತಿಳಿಯುವುದು" ಎಂದು ಆಕೆ. ಬಾಗಿಲ ಹಿಂದೆ ನಿಂತ ಹುಡುಗನಿಗೆ ಈ ಸಂಭಾಷಣೆ ಬಾಯಿಪಾಠವಾಗಿದೆ.

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ತಾಯಿ ಕಂಡ ಹುಡುಗನೇ ಬೇರೆ, ತಂದೆ ಕಂಡ ಹುಡುಗನೇ ಬೇರೆ. ಮಧ್ಯಾಹ್ನ ಮಡಿಲಲ್ಲಿ ಮುಖವಿಟ್ಟು ಅತ್ತವನನ್ನು ತಂದೆ ನೋಡಿಲ್ಲ. ಅಪ್ಪನೆದುರು ಕೈಕಟ್ಟಿ ನಿಲ್ಲುವವನು ಅಮ್ಮನ ಮಾತಿಗೆ ಕಿವಿಗೊಡುವುದೇ ಇಲ್ಲ. ಒಬ್ಬರ ಕಠಿಣತೆ ಹೆಚ್ಚಿದಷ್ಟೂ ಇನ್ನೊಬ್ಬರು ಅದನ್ನು ಸರಿದೂಗಿಸಲೆಂದು ಮೆತ್ತಗಾಗುತ್ತಾರೆ. ಆ ಮೆತ್ತಗಿನ ನಡೆಯನ್ನು ಕಂಡು ಮೊದಲಿನವರು ಇನ್ನಷ್ಟು ಬಿಗಿಯಾಗುತ್ತಾರೆ. ಮದುವೆಯ ದಿನ ಇಬ್ಬರೂ ಇಷ್ಟು ದೂರದಲ್ಲಿರಲಿಲ್ಲ.

ಅಮೆರಿಕದ ಆರಿಗನ್ ಪ್ರಾಂತದಲ್ಲಿ ಇಂತಹ ಕುಟುಂಬಗಳನ್ನು ಅವರ ಮನೆಗಳಲ್ಲಿಯೇ ಗಮನಿಸಿದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡದ್ದು ನಮ್ಮ ಅಡಿಗೆಮನೆಗಳಿಗೂ ಅಪರಿಚಿತವಲ್ಲ. ತಾಯಿ ಒಂದು ಕೆಲಸ ಹೇಳುತ್ತಾಳೆ, ಮಗು ಕಿರುಚುತ್ತದೆ, ದಣಿದ ತಾಯಿ ಹೇಳಿದ್ದನ್ನು ಕೈಬಿಡುತ್ತಾಳೆ, ಕಿರುಚಾಟ ನಿಲ್ಲುತ್ತದೆ. ಕಿರುಚಿದರೆ ಗೆಲುವೆಂದು ಮಗು ಕಲಿಯಿತು, ಸೋತರೆ ನೆಮ್ಮದಿಯೆಂದು ತಾಯಿ ಕಲಿತಳು. ಮರುದಿನ ಇನ್ನಷ್ಟು ಎತ್ತರದ ದನಿ. ಒಮ್ಮೆ ಸೋಲು, ಒಮ್ಮೆ ಏಟು ಎಂಬ ಮನೆಯಲ್ಲಿ ಹಟ ಇನ್ನೂ ಆಳಕ್ಕೆ ಬೇರು ಬಿಡುತ್ತದೆ. ಏಕೆಂದರೆ ಇಂದು ಯಾವ ಫಲ ಸಿಕ್ಕೀತೆಂದು ಮಗು ಪ್ರತಿದಿನವೂ ಪರೀಕ್ಷಿಸಿ ನೋಡುತ್ತದೆ.

ಮಂಗಳವಾರದ ತಪ್ಪಿಗೆ ಭಾನುವಾರ ಬೀಳುವ ಏಟಿನ ವಿಷಯವೂ ಹೀಗೆಯೇ. ತಪ್ಪು ಮರೆತುಹೋಗಿರುತ್ತದೆ, ಏಟು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಉಪಾಧ್ಯಾಯರ ಕೈಯಿಂದ ಜಾರಿದ ಬೆತ್ತವನ್ನು ಮನೆಯಲ್ಲಿ ಎತ್ತಿಕೊಳ್ಳುವುದು ಯಾವ ನ್ಯಾಯವೋ! ತಾಯಿಯ ಕಡೆಯ ತಪ್ಪೂ ಸಣ್ಣದಲ್ಲ. "ಅಪ್ಪನಿಗೆ ಹೇಳಬೇಡ" ಎಂದು ಕಳವಾದ ಹಣವನ್ನು ಆಕೆ ತಾನೇ ತುಂಬಿಟ್ಟ ದಿನ, ಮನೆಯಲ್ಲಿ ಗುಟ್ಟು ಕಾಯುವವರು ಇಬ್ಬರಾದರು.

ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು 'ಸುಬ್ಬಣ್ಣ'ದಲ್ಲಿ ತಂದೆಮಗನ ವಿರಸವೊಂದನ್ನು ಬರೆದರು. ತಂದೆ ಬಯಸಿದ್ದು ಶಾಸ್ತ್ರವಿದ್ಯೆ, ಮಗ ಒಲಿದದ್ದು ಸಂಗೀತಕ್ಕೆ. ಮಗ ಮನೆ ಬಿಟ್ಟು ಹೋಗುತ್ತಾನೆ. ಅಲ್ಲಿ ಹುಡುಗನಿಗೆ ಒಂದು ವಿದ್ಯೆಯಾದರೂ ಇತ್ತು. ತನಗೇನಾಗಿದೆಯೆಂದು ಹೇಳಲು ಬಾರದ ಮಗುವಿನ ಪಾಡು ಇದಕ್ಕಿಂತ ಕಷ್ಟದ್ದು.

ತಂದೆತಾಯಿಗಳ ಜಗಳದಲ್ಲಿ ಮುಚ್ಚಿಹೋಗುವುದು ಇದೇ. ಮದ್ದು ಏಟೋ ಮುದ್ದೋ ಎಂದು ಇಬ್ಬರೂ ವಾದಿಸುವಾಗ ರೋಗ ಯಾವುದೆಂದು ಕೇಳುವವರೇ ಇರುವುದಿಲ್ಲ. ಶಾಲೆ ತಪ್ಪಿಸುವ ಹುಡುಗನಿಗೆ ಅಕ್ಷರಗಳೇ ಕೂಡಿಬಾರದಿರಬಹುದು. ಬಾಯಿಮಾತಿನಲ್ಲಿ ಚುರುಕಾಗಿದ್ದು, ಒತ್ತಕ್ಷರ ಬಂದೊಡನೆ ತಡವರಿಸುವ ಮಕ್ಕಳುಂಟು. ತರಗತಿಯಲ್ಲಿ ನಗೆಗೀಡಾಗುವುದಕ್ಕಿಂತ ಕೆರೆಯ ಏರಿಯೇ ಅವರಿಗೆ ಹಿತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂತಹ ಕಲಿಕೆಯ ತೊಡಕನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಮೂರು ಭಾಷೆಗಳಿಂದ ಮಗು ಕೆಡುವುದಿಲ್ಲ. ಆದರೆ ಓದಿನ ತೊಡಕನ್ನೆಲ್ಲ ಭಾಷೆಯ ತಲೆಗೆ ಕಟ್ಟಿ ವರ್ಷಗಳನ್ನು ಕಳೆಯುವುದು ಬಹಳ ಸುಲಭ. ಮುಳಬಾಗಿಲಿನ ಆಂಜನೇಯನಿಗೆ ಹರಕೆ ಹೊತ್ತರೆ ಯಾರ ಆಕ್ಷೇಪಣೆಯೂ ಇಲ್ಲ. ಹರಕೆಯ ಜೊತೆಗೆ ಕಣ್ಣು, ಕಿವಿಗಳ ಪರೀಕ್ಷೆಯೂ ಆಗಲಿ.

ಮಗು ಮಲಗಿದ ಮೇಲೆ ದಂಪತಿಗಳು ಕುಳಿತು ಮಾತನಾಡುವುದಾದರೆ, ಇಡೀ ಬಾಳನ್ನು ಒಂದೇ ರಾತ್ರಿ ತಿದ್ದಲು ಹೊರಡದಿರುವುದು ಮೇಲು. ಒಂದೇ ವಿಷಯ ಸಾಕು. ಹಣ ಕದ್ದರೆ ಏನು ಮಾಡುವುದು? ಸಂಜೆಯ ಆಟವೊಂದು ಹೋಗುತ್ತದೆಂದಾದರೆ ಅದನ್ನು ಮೊದಲೇ, ಕೋಪವಿಲ್ಲದ ಹೊತ್ತಿನಲ್ಲಿ ಹುಡುಗನಿಗೆ ತಿಳಿಸಿ, ಅಮ್ಮನಿದ್ದರೂ ಅಪ್ಪನಿದ್ದರೂ ಅಜ್ಜಿಯೇ ಇದ್ದರೂ ಅದನ್ನೇ ನಡೆಸಬೇಕು. ಅಜ್ಜಿಯನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸವೆಂಬುದನ್ನು ಹೇಳಬೇಕಾಗಿಲ್ಲ. ತಂಗಿಯನ್ನು ಹೊಡೆಯದೆ ಕಳೆದ ಸಂಜೆಯನ್ನು ಯಾರಾದರೊಬ್ಬರು ಬಾಯಿಬಿಟ್ಟು ಮೆಚ್ಚಬೇಕು.

ತಿಂಗಳುಗಳು ಕಳೆದರೂ ಬದಲಾವಣೆ ಕಾಣದಿದ್ದರೆ ಬೆಂಗಳೂರು ದೂರವಿಲ್ಲ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಆಸ್ಪತ್ರೆಯಲ್ಲಿ ಮಕ್ಕಳ ಮನೋರೋಗಕ್ಕೆ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆಸ್ಪತ್ರೆಗೆ ತಾಯಿಯೊಬ್ಬಳನ್ನೇ ಮಗುವಿನೊಡನೆ ಕಳುಹಿಸಿದರೆ ವೈದ್ಯರಿಗೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ತಂದೆಯೂ ಒಂದು ದಿನ ರಜೆ ಪಡೆದು, ಹುಡುಗನ ಶಾಲೆಯ ನೋಟ್ ಪುಸ್ತಕಗಳನ್ನು ಚೀಲದಲ್ಲಿಟ್ಟುಕೊಂಡು ಜೊತೆಗೆ ಹೋಗುವುದು ಒಳಿತು.